ಭದ್ರೆಯ ದಡದಿಂದ ತುಂಗೆಯ ದಡಕ್ಕೆ

ಪೂರ್ವದಲ್ಲಿ ಬೆಂಕಿಪುರವೆನಿಸಿದ್ದ ಭದ್ರಾವತಿಯು 1923ರಲ್ಲಿ ಆರಂಭವಾದ ಕಬ್ಬಿಣದ ಕಾರ್ಖಾನೆಯಿಂದ ಪ್ರಸಿದ್ಧಿಗೆ ಬಂದಿತು. ಅಲ್ಲಿಂದ ತುಂಗಾತೀರದ ಶಿವಮೊಗ್ಗೆಗೆ ಸುಮಾರು 20 ಕಿಲೋಮೀಟರು ದಾರಿ. ನಮ್ಮ ಬಂಧುಗಳೊಬ್ಬರ ಮಗನು ವಿಶೇಷ ಶಾಲೆಗಾಗಿ ದಿನವೂ ಈ ದಾರಿಯನ್ನು ಕ್ರಮಿಸುವನು, ಅವನಿಗೆ ಸ್ವಲೀನತೆಯುಂಟು. ಈಚೆಗೊಂದು ಮುಂಜಾನೆ ನಾನೂ ತಾಯಿಮಕ್ಕಳೊಡನೆ ಹೊರಟೆನು.

ನಮಗೆ ಅಲ್ಪವೆನಿಸುವ ಬಸ್ಸಿನ ಗದ್ದಲ, ಬದಲಾದ ಆಸನ ಇವು ಅಂತಹ ಮಕ್ಕಳನ್ನು ಕಂಗೆಡಿಸಬಲ್ಲವು. ಆದಕಾರಣ ತಾಯಿಯು ಬಾಗಿಲು, ಬಸ್ಸು, ಶಾಲೆ, ಮರಳಿ ಮನೆ ಎಂಬ ಚಿತ್ರಗಳನ್ನು ಕ್ರಮವಾಗಿ ತೋರಿಸಿಯೇ ಅವನನ್ನು ಹೊರಡಿಸುವರು. ಶಾಲೆಯಲ್ಲಿ ಕಲಿತಂತೆ ಅಂಗಿಯ ಗುಂಡಿ ಹಾಕುವುದನ್ನೂ ತಟ್ಟೆ ತೊಳೆಯುವುದನ್ನೂ ಸಂಜೆ ಮನೆಯಲ್ಲಿ ಅದೇ ಕ್ರಮದಿಂದ ಮಾಡಿಸುವರು. ಹಗಲುಶಾಲೆಯ ಮೇಲ್ಮೆಯು ಇದೇ: ಪಾಠವು ಮಗುವಿನೊಡನೆ ಮನೆಗೆ ಬರುವುದು.

2016ರ ಅಂಗವಿಕಲರ ಹಕ್ಕುಗಳ ಅಧಿನಿಯಮವು ಸ್ವಲೀನತೆಯನ್ನೂ ಗಣಿಸಿ, ಶೇಕಡಾ 40ಕ್ಕೆ ಕಡಮೆಯಿಲ್ಲದ ವೈಕಲ್ಯವುಳ್ಳವರಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕನ್ನು ಕೊಟ್ಟಿದೆ. ಆದರೆ ಹತ್ತೊಂಬತ್ತನೆಯ ವರ್ಷದ ಮುಂಜಾನೆಯ ಗತಿಯೇನು? ಚೀಲ ಹಿಡಿದು ಬಾಗಿಲಲ್ಲಿ ನಿಲ್ಲುವ ತರುಣನಿಗೆ ಇನ್ನು ಶಾಲೆಯಿಲ್ಲವೆಂದು ಹೇಗೆ ತಿಳಿಸುವುದು?

ಮರಳುವಾಗ ಕಂಡಕ್ಟರನು ಬಂದನು. ತಾಯಿಯು ಸುಮ್ಮನೆ ಕುಳಿತಿದ್ದರು. ಹುಡುಗನು ಹಣವನ್ನು ಚಾಚಿ, ಬಹಳ ಹೊತ್ತಿನ ಮೇಲೆ, "ಭದ್ರಾವತಿ" ಎಂದನು. ಆ ಒಂದು ಮಾತಿಗೆ ಎರಡು ವರ್ಷ ಹಿಡಿಯಿತಂತೆ. ನಾಳೆ ಅವನು ಉದ್ಯೋಗಕ್ಕೆ ಹೋಗುವ ದಾರಿಯೂ ಅಲ್ಲಿಂದಲೇ ತೊಡಗಬೇಕು.