ಮೂರು ಉಂಗುರಗಳ ಹಾಸು

ಮಿದುಳಿನ ರೋಗಗಳಿಗೆ ಮದ್ದನ್ನರಸುವ ರಸಾಯನಶಾಸ್ತ್ರಜ್ಞರು ಅಣುವಿನ ಮೂಲರೂಪವನ್ನು ‘ಸ್ಕಾಫೋಲ್ಡ್’ ಎನ್ನುತ್ತಾರೆ; ಎಂದರೆ ಗಾರೆಯವರು ಕಟ್ಟುವ ಸಾರುವೆ. ಈ ಹೆಸರು ನನಗೆ ಅಷ್ಟಾಗಿ ಒಪ್ಪಿಗೆಯಿಲ್ಲ. ಮನೆ ಮುಗಿದೊಡನೆ ಸಾರುವೆಯನ್ನು ಬಿಚ್ಚಿಬಿಡುವರು. ಅಣುವಿನ ಈ ಭಾಗವಾದರೋ ಮದ್ದಿನೊಳಗೇ ಉಳಿಯುವುದು. ದೊಡ್ಡಬಳ್ಳಾಪುರದ ನೇಯ್ಗೆಯ ಮನೆಯಲ್ಲಿ ಬೆಳೆದ ನನಗೆ ಅದು ಮಗ್ಗದ ಹಾಸಿನಂತೆ ತೋರುತ್ತದೆ. ಹಾಸು ಒಂದೇ ಇರಲು, ಹೊಕ್ಕನ್ನು ಬದಲಿಸಿ ಬಗೆಬಗೆಯ ಸೀರೆಗಳನ್ನು ನೇಯಬಹುದಷ್ಟೆ.

ಇಂತಹ ಹಾಸುಗಳಲ್ಲೊಂದು ಬಣ್ಣದ ಬಾನಿಯಿಂದಲೇ ಬಂದುದು. 1876ರಲ್ಲಿ ಜರ್ಮನಿಯ ಹೈನ್ರಿಖ್ ಕಾರೋ ಎಂಬವರು ಮಿಥಿಲೀನ್ ಬ್ಲೂ ಎಂಬ ನೀಲಿಯನ್ನು ತಯಾರಿಸಿದರು. ಅದರ ಒಡಲಲ್ಲಿ ಒಂದಕ್ಕೊಂದು ಬೆಸೆದ ಮೂರು ಉಂಗುರಗಳಿವೆ. ನಡುವಣ ಉಂಗುರದಲ್ಲಿ ಒಂದು ಗಂಧಕದ ಪರಮಾಣು, ಅದಕ್ಕೆದುರಾಗಿ ಒಂದು ನೈಟ್ರೋಜನ್. ಇದಕ್ಕೆ ಫಿನೋಥಯಝೀನ್ ಎಂದು ಹೆಸರು. ನೈಟ್ರೋಜನ್ನಿಗೆ ಒಂದು ಬಾಲವನ್ನು ಜೋಡಿಸಲು ಅದು ನವೆ ದದ್ದುಗಳ ಮದ್ದಾಯಿತು. ಬಾಲವನ್ನು ಕೊಂಚ ನೀಳಮಾಡಿ, ಪಕ್ಕದ ಉಂಗುರಕ್ಕೆ ಒಂದು ಕ್ಲೋರೀನನ್ನು ಸೇರಿಸಲು, 1950ರಲ್ಲಿ ಫ್ರಾನ್ಸಿನ ಷಾರ್ಪಾಂತ್ಯೆಯವರ ಕೈಯಲ್ಲಿ ಕ್ಲೋರ್‌ಪ್ರೊಮಝೀನ್ ಹುಟ್ಟಿತು. 1952ರಲ್ಲಿ ಪ್ಯಾರಿಸ್ಸಿನ ವೈದ್ಯರಾದ ಡಿಲೇ, ಡೆನಿಕೆ ಎಂಬವರು ಅದನ್ನು ಉನ್ಮಾದಿಗಳಿಗೆ ಕೊಟ್ಟು ಗುಣ ಕಂಡರು. ಮುಂದೆ ನಿಮ್ಹಾನ್ಸಿನಲ್ಲಿ ಸೇರಿಹೋದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು 1954ರಲ್ಲಿ ಬೆಂಗಳೂರಿನಲ್ಲಿ ಆರಂಭವಾದಾಗ, ಈ ಚಿಕಿತ್ಸೆ ಇನ್ನೂ ಎರಡು ವರ್ಷದ ಕೂಸು. ಗಂಧಕವನ್ನು ತೆಗೆದು ಅಲ್ಲಿ ಎರಡು ಇಂಗಾಲಗಳನ್ನಿಟ್ಟುದು ಇಮಿಪ್ರಮೀನ್. ಅದೂ ಉನ್ಮಾದವನ್ನೇ ಅಡಗಿಸೀತೆಂದು ನಂಬಿದ್ದರು. ಅಡಗಿಸಲಿಲ್ಲ; ವಿಷಾದದಲ್ಲಿ ಮುಳುಗಿದವರನ್ನು ಮೇಲೆತ್ತಿತೆಂದು ಸ್ವಿಟ್ಜರ್ಲೆಂಡಿನ ರೋಲಾಂಡ್ ಕೂನ್ 1957ರಲ್ಲಿ ತಿಳಿಸಿದರು.

ಇದನ್ನೆಲ್ಲ ನಾನು ಓದಿದುದು ಬರಿಯ ಕುತೂಹಲದಿಂದಲ್ಲ. ನನ್ನ ಚಿಕ್ಕಪ್ಪನವರಿಗೆ ಯಾರೂ ಆಡದ ಮಾತುಗಳು ಕೇಳಿಸುತ್ತಿದ್ದುವು. ಕ್ಲೋರ್‌ಪ್ರೊಮಝೀನಿನಿಂದ ಮಾತು ಅಡಗಿತು, ಕೈ ನಡುಗತೊಡಗಿತು. ಮಿದುಳಿನಲ್ಲಿ ಡೋಪಮೀನೆಂಬ ದ್ರವ್ಯದ ಕೆಲಸವನ್ನು ತಡೆಯುವುದೇ ಆ ಮದ್ದಿನ ಗುಣ. ಅಂಗಚಲನೆಗೂ ಅದೇ ದ್ರವ್ಯ ಬೇಕಾದುದರಿಂದ ಈ ನಡುಕ. ಕಡಿದ ಎಳೆಯನ್ನು ಗಂಟಿಕ್ಕಲಾರದ ನೇಕಾರನಿಗೆ ಬುದ್ಧಿ ಮರಳಿದುದು ಅರ್ಧ ಸುಖವೇ ಸರಿ. “ಮಗಾ, ಆ ದನಿಗಳಿದ್ದಾಗ ಕೈಯಾದರೂ ನೆಟ್ಟಗಿತ್ತು” ಎಂದು ಒಂದು ದಿನ ಅಂದರು. ನನಗೆ ಉತ್ತರ ತೋರಲಿಲ್ಲ.

ವೈದ್ಯರು ಆಮೇಲೆ ಕ್ವೆಟಿಯಪೀನಿಗೆ ಬದಲಿಸಿದರು. ಅದರಲ್ಲಿಯೂ ಮೂರು ಉಂಗುರಗಳು, ನಡುವೆ ಅದೇ ಗಂಧಕ, ಅದೇ ನೈಟ್ರೋಜನ್. ಆದರೆ ನಡುವಣ ಉಂಗುರದಲ್ಲಿ ಆರರ ಬದಲು ಏಳು ಪರಮಾಣುಗಳು, ಬಾಲವೂ ಬೇರೆ. ನಡುಕ ತಗ್ಗಿತು. ಬೆಳಗಿನ ಹೊತ್ತು ತೂಕಡಿಕೆಯುಂಟು. ಊಟವಾದ ಮೇಲೆ ಮಗ್ಗದ ಮುಂದೆ ಕೂಡುತ್ತಾರೆ.