ಏಳು ತಂತಿಯ ಪಿಟೀಲು

ರಾಯಕೋಟೆ ಮಂಡಿಯಲ್ಲಿ ಟೊಮೆಟೊ ಮಾರಿದ ಹಣ ಹಿಡಿದು, ಅಪ್ಪ ನನಗೆ ಪಿಟೀಲು ಕೊಡಿಸಲು ಬೆಂಗಳೂರಿಗೆ ಕರೆದೊಯ್ದರು. ಅದುವರೆಗೆ ಗುರುಗಳ ಪಿಟೀಲಿನಲ್ಲೇ ನನ್ನ ಕಲಿಕೆ. ನನ್ನ ಮನಸ್ಸಿನಲ್ಲಿದ್ದುದು ಮೈಸೂರು ಟಿ. ಚೌಡಯ್ಯನವರ (1895–1967) ಏಳು ತಂತಿಯ ಪಿಟೀಲು. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಕೊನೆಯ ಸಾಲಿನವರಿಗೂ ನಾದ ಕೇಳಲೆಂದು ಅವರು ನಾಲ್ಕು ತಂತಿಗಳಿಗೆ ಇನ್ನೂ ಮೂರನ್ನು ಸೇರಿಸಿದ್ದರು. ಇದನ್ನು ದಾರಿಯುದ್ದಕ್ಕೂ ಅಪ್ಪನಿಗೆ ಹೇಳುತ್ತಲೇ ಇದ್ದೆ.

ಅಂಗಡಿಯವರು ನಕ್ಕರು. “ಅದನ್ನು ಹೇಳಿ ಮಾಡಿಸಬೇಕು ಮರಿ. ಏಳಕ್ಕೂ ಶ್ರುತಿ ಕೂಡಿಸಬಲ್ಲೆಯಾ?” ಎಂದು ನಾಲ್ಕು ತಂತಿಯದೊಂದನ್ನು ಕೈಗಿತ್ತರು. ಬಿರಡೆ ತಿರುಗಿಸಿದೆ. ಒಂದು ತಂತಿ ಸರಿಯಾದರೆ ಇನ್ನೊಂದು ಇಳಿಯುತ್ತಿತ್ತು. ನಾಲ್ಕನ್ನು ಕೂಡಿಸುವಷ್ಟರಲ್ಲೇ ಬೆವತುಹೋದೆ.

ಅಪ್ಪ ಜೇಬು ಮುಟ್ಟಿ ನೋಡಿಕೊಂಡು, “ಮಾಡಿಸಿದರೆ ಎಷ್ಟಾಗುತ್ತದೆ?” ಎಂದು ಮೆಲ್ಲನೆ ಕೇಳಿದರು. ಆ ವರ್ಷ ಟೊಮೆಟೊ ಬೆಲೆ ಬಿದ್ದಿತ್ತು. ಅದು ನನಗೂ ಗೊತ್ತಿತ್ತು.

“ಇದೇ ಸಾಕಪ್ಪಾ” ಎಂದೆ.

ಹಿಂದಿರುಗುವ ಮುನ್ನ ಅಪ್ಪ ನನಗೆ ಚೌಡಯ್ಯ ಸ್ಮಾರಕ ಭವನವನ್ನು ತೋರಿಸಿದರು. 1980ರಲ್ಲಿ ಸಿದ್ಧವಾದ ಆ ಕಟ್ಟಡವೇ ಪಿಟೀಲಿನ ಆಕಾರದಲ್ಲಿದೆ! ನಾನು ರಸ್ತೆಯಲ್ಲೇ ನಿಂತು ಬಹಳ ಹೊತ್ತು ನೋಡಿದೆ.

ಹೊಸೂರಿನ ಬಸ್ಸಿನಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಅತ್ತಿಬೆಲೆ ದಾಟುವವರೆಗೂ ಅಪ್ಪ ಪಿಟೀಲಿನ ಪೆಟ್ಟಿಗೆಯನ್ನು ತಲೆಯ ಮೇಲೆ ಎತ್ತಿ ಹಿಡಿದುಕೊಂಡೇ ಇದ್ದರು.