ಉಂಡು ಮಲಗಿದೆ

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಗೆಳೆಯರ ಜಗಳಕ್ಕೆ ಹಿರಿಯರು ಇಂಥ ಗಡುವೇನನ್ನೂ ಹಾಕಿಟ್ಟು ಹೋಗಿಲ್ಲ. ಹಾಗಾಗಿ ಆಯನೂರಿನ ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ನಾನೊಂದು ಮೂಲೆ, ಅವನೊಂದು ಮೂಲೆ ಹಿಡಿದು ಕಾಫಿ ಕುಡಿಯಲು ಶುರುಮಾಡಿ ಎರಡು ವರ್ಷವಾಯಿತು. ಹೋಟೆಲಿನವನಿಗೆ ಇದು ಗೊತ್ತು. ಇಬ್ಬರಲ್ಲಿ ಒಬ್ಬರು ಎದ್ದು ಹೋಗುವ ತನಕ ಪೇಪರನ್ನು ಯಾರಿಗೂ ಕೊಡದೆ ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟುಕೊಂಡು ಕೂತಿರುತ್ತಾನೆ.

ಕಾರಣ ಒಂದು ನಾಯಿ. ಹೀಗೆಂದರೆ ಕೇಳಿದವರು ನಗುತ್ತಾರೆ. ಬೇಲಿ ಒತ್ತರಿಸಿದ ಜಗಳವಾಗಿದ್ದರೆ, ಕೈಸಾಲದ ತಕರಾರಾಗಿದ್ದರೆ, ನಾಲ್ಕು ಜನ ಕುರ್ಚಿ ಎಳೆದುಕೊಂಡು ರಾಜಿಗೆ ಕೂರುತ್ತಿದ್ದರು. ನಾಯಿ ಎಂದೊಡನೆ, "ತ್ಯಾವರೆಕೊಪ್ಪದ ಕಡೆ ಹೋಗಿರ್ಬೇಕು ಬಿಡಿ ಮೇಷ್ಟ್ರೇ, ಸಿಂಹ ನೋಡೋಕೆ" ಎನ್ನುತ್ತಾರೆ. ಶಿವಮೊಗ್ಗಕ್ಕೂ ನಮಗೂ ನಡುವೆ 1988ರಲ್ಲಿ ಹುಲಿ ಸಿಂಹಗಳ ಸಫಾರಿ ಆದ ಮೇಲೆ, ನಮ್ಮೂರಲ್ಲಿ ಕರು ಕಳೆದರೂ ಕೋಳಿ ಕಳೆದರೂ ಇದೊಂದೇ ಜೋಕು. ಮೊದಲ ಸಲ ನಾನೂ ನಕ್ಕೆ. ಮನೆಗೆ ಬಂದು ಹೆಂಡತಿಗೆ ಹೇಳಲು ಹೋಗಿ, ಅವಳ ಮುಖ ನೋಡಿ ಸುಮ್ಮನಾದೆ.

ಚುಕ್ಕಿ ಜಾತಿ ನಾಯಿಯಲ್ಲ, ಅಪ್ಪಟ ಕಂತ್ರಿ. ಒಂದು ಆಷಾಢದ ಮಳೆಯಲ್ಲಿ ಇದೇ ಹೋಟೆಲಿನ ಹಿಂದೆ, ಪಾತ್ರೆ ತೊಳೆಯುವ ಕಟ್ಟೆಯ ಕೆಳಗೆ ನಡುಗುತ್ತ ಕೂತಿತ್ತು. ಮೈಯೆಲ್ಲ ಕಪ್ಪು, ಹಣೆಯಲ್ಲಿ ಎಂಟಾಣೆಯಷ್ಟಗಲ ಬಿಳಿ. ಮನೆಗೆ ತಂದಾಗ ಹೆಂಡತಿ, "ಇದು ಒಳಗೆ ಬಂದ್ರೆ ನಾನು ಹೊರಗೆ" ಎಂದಳು. ಮೂರು ದಿನ ಕಳೆಯುವಷ್ಟರಲ್ಲಿ ಚುಕ್ಕಿಯೂ ಅವಳೂ ಒಳಗೆ, ನಾನು ಜಗಲಿಯಲ್ಲಿ.

ಮಗಳ ಹೆರಿಗೆ ದೀಪಾವಳಿಯ ವಾರಕ್ಕೇ ಬಂತು. ಚೊಚ್ಚಲಿಗೆ ತವರಿಗೆ ಬರುವುದು ವಾಡಿಕೆ. ಆದರೆ ಅವಳ ಡಾಕ್ಟರೂ ಕೆಲಸವೂ ಬೆಂಗಳೂರಿನಲ್ಲಿ. ಹಾಗಾಗಿ ತವರೇ ಗಂಟುಮೂಟೆ ಕಟ್ಟಿ ಅವಳಿದ್ದಲ್ಲಿಗೆ ಹೊರಟಿತು. ನಾಯಿಯನ್ನು ರೈಲಿನ ಗಾರ್ಡ್ ಡಬ್ಬಿಯ ಗೂಡಿಗೆ ಬುಕ್ ಮಾಡಿ ಒಯ್ಯಬಹುದು ಎಂದು ವಿಚಾರಿಸಿಯೂ ಆಗಿತ್ತು. ಆದರೆ ಮಗಳ ಮನೆ ಹನ್ನೊಂದನೇ ಮಹಡಿ. ಅಲ್ಲಿ ಹಸಿ ಬಾಣಂತಿ, ಎಳೆ ಕೂಸು, ಜೊತೆಗೆ ಜಗಲಿಯೇ ಇಲ್ಲದ ಮನೆಯಲ್ಲಿ ಈ ಮಲೆನಾಡು ನಾಯಿ. ಆಗುವ ಮಾತಲ್ಲ. ದಿನಕ್ಕಿಷ್ಟು ಎಂದು ದುಡ್ಡು ತೆಗೆದುಕೊಂಡು ನಾಯಿ ನೋಡಿಕೊಳ್ಳುವವರು ಶಿವಮೊಗ್ಗದಲ್ಲಿ ಇದ್ದಾರೆಂದು ಯಾರೋ ಹೇಳಿದರು. ಗೆಳೆಯನಿರುವಾಗ ದುಡ್ಡು ಕೊಟ್ಟು ನಾಯಿ ಬಿಡುವುದೇ ಎಂದುಕೊಂಡೆ. ಈಗ ಅನ್ನಿಸುತ್ತದೆ, ದುಡ್ಡು ಕೊಟ್ಟಿದ್ದರೆ ಕೂಗಾಡಿ ಮುಗಿಸಬಹುದಿತ್ತು. ಉಪಕಾರ ಮಾಡಲು ಬಂದವನ ಮೇಲೆ ಕೂಗಲು ಬಾಯಿ ಏಳುವುದಿಲ್ಲ. ಕೂಗದೆ ಒಳಗೇ ಉಳಿದದ್ದು, ಹಂಡೆಯ ಅಡಿಕೆ ಚೊಗರಿನ ಹಾಗೆ, ಕುದಿದಷ್ಟೂ ಗಟ್ಟಿಯಾಗುತ್ತದೆ.

ಅವನೂ ನಾನೂ ಒಂದೇ ಬಸ್ಸಿನ ಬಾಗಿಲಿಗೆ ಜೋತುಬಿದ್ದು ಸಹ್ಯಾದ್ರಿ ಕಾಲೇಜಿಗೆ ಹೋದವರು. ಹೊಸನಗರ ರಸ್ತೆಯಲ್ಲಿ ಸ್ವಲ್ಪ ಒಳಕ್ಕೆ ಅವನ ಮನೆ, ಎರಡೆಕರೆ ಅಡಿಕೆ, ಕೆಳಗೆ ಗದ್ದೆ. ಚುಕ್ಕಿಗೂ ಅವನೆಂದರೆ ಸಲಿಗೆ. ಅದನ್ನು ಬಿಡಲು ಹೋದ ದಿನ ಮೇಷ್ಟ್ರ ಚಾಳಿಯಂತೆ ಒಂದು ಹಾಳೆಯಲ್ಲಿ ಹನ್ನೊಂದು ಸೂಚನೆ ಬರೆದು ಕೊಟ್ಟೆ. ಹಾಲು ಬೇಡ, ಮಜ್ಜಿಗೆ ಅನ್ನ ಸಾಕು. ಬೇಯಿಸಿದ ಕೋಳಿಮೂಳೆ ಹಾಕಬೇಡಿ, ಸಿಗಿದು ಗಂಟಲಿಗೆ ಚುಚ್ಚುತ್ತದೆ. ತೋಟಕ್ಕೆ ಹೋಗಿಬಂದರೆ ಕಿವಿಯೊಳಗೆ, ಕಾಲ್ಬೆರಳ ಸಂದಿಯಲ್ಲಿ ಉಣುಗು ನೋಡಿ. ಮಲಗಲು ಗೋಣಿಚೀಲವೇ ಆಗಬೇಕು. ಹೀಗೆ. ಅವನು ಹಾಳೆ ಓದಿ, "ನಮ್ಮಪ್ಪ ನನ್ನ ಹಾಸ್ಟೆಲ್ಲಿಗೆ ಬಿಡುವಾಗ್ಲೂ ಇಷ್ಟು ಹೇಳಿರ್ಲಿಲ್ಲ ಮಾರಾಯ" ಎಂದು ಅದನ್ನು ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸಿದ.

ಬಲಿಪಾಡ್ಯಮಿಯ ರಾತ್ರಿಯಿಂದ ಆ ಕಡೆ ಅಂಟಿಗೆ ಪಂಟಿಗೆಯವರು ಬರುತ್ತಾರೆ. ಬಯಲುಸೀಮೆಯ ಓದುಗರಿಗಾಗಿ ಹೇಳುತ್ತೇನೆ: ಊರಿನ ಏಳೆಂಟು ಗಂಡಸರು ಒಂದು ದೀಪ ಹಚ್ಚಿಕೊಂಡು, ಕಂಬಳಿ ಹೊದ್ದು, ರಾತ್ರಿಯಿಡೀ ಮನೆಯಿಂದ ಮನೆಗೆ, ಊರಿಂದ ಊರಿಗೆ ಹಾಡುತ್ತ ನಡೆಯುತ್ತಾರೆ. ಮುಂದೆ ಇಬ್ಬರು ಹೇಳುತ್ತಾರೆ, ಹಿಂದಿನವರು ಎತ್ತಿಕೊಳ್ಳುತ್ತಾರೆ. ಆ ದೀಪ ಆರಬಾರದು. ಅದು ಬಂದಾಗ ಬಾಗಿಲು ಮುಚ್ಚಿರಬಾರದು. ಮನೆಯವರು ಎದ್ದು ಬಂದು ಎಣ್ಣೆ ಎರೆದು, ಅಕ್ಕಿ, ಕಾಯಿ, ಕಾಸು ಕೊಟ್ಟು ಕಳಿಸಬೇಕು. ಪೇಟೆಗಳಲ್ಲಿ ಇದು ಕಡಿಮೆಯಾಗುತ್ತಿದೆ. ಇರುವ ಕಡೆ ಮಾತ್ರ, ನಡುರಾತ್ರಿ ಗದ್ದೆಯ ಆಚೆಯಿಂದ ಆ ಹಾಡು ಹತ್ತಿರವಾಗುತ್ತ ಬರುವುದನ್ನು ಕೇಳಿದವರು ಮರೆಯುವುದಿಲ್ಲ.

ಅವತ್ತು ಅವನ ಮನೆಯಲ್ಲಿ ಕೊನೆ ಕೊಯ್ಲು ನಡೆದಿತ್ತು. ಅಂಗಳದಲ್ಲಿ ಅಡಿಕೆ ಸುಲಿಯುವವರು, ಒಲೆಯ ಮೇಲೆ ಹಂಡೆ, ಚುಕ್ಕಿ ಚಪ್ಪರದ ಕಂಬಕ್ಕೆ. ದೀಪ ಬಂತೆಂದು ಅವನು ಗೇಟನ್ನು ಹಾರುಹೊಡೆದ. ಎಣ್ಣೆ ಎರೆಯುತ್ತಿರುವಾಗ, ಜೊತೆಗೆ ಬಂದ ಹುಡುಗರಲ್ಲಿ ಯಾರೋ ಉಮೇದಿಗೆ ಅಂಗಳದಲ್ಲೇ ಸರಪಟಾಕಿಗೆ ಕಿಡಿ ಇಟ್ಟರು. ಸದ್ದು ಮುಗಿದು ಹೊಗೆ ಕರಗಿದಾಗ ಕುತ್ತಿಗೆಯ ಬೆಲ್ಟು ಕಂಬದಲ್ಲಿತ್ತು. ಚುಕ್ಕಿ ಇರಲಿಲ್ಲ.

ಇಷ್ಟಕ್ಕೇ ನಾನು ಅವನ ಜೊತೆ ಮಾತು ಬಿಟ್ಟಿದ್ದರೆ ನನ್ನನ್ನು ಮೂರ್ಖ ಎನ್ನಬಹುದು. ನಾನು ಬಿಟ್ಟದ್ದು ಮುಂದಿನ ಮೂರು ಸಂಜೆಗಳಿಗಾಗಿ.

ಪಾಡ್ಯದ ಬೆಳಿಗ್ಗೆ ಮೊಮ್ಮಗಳು ಹುಟ್ಟಿದ್ದಳು. ಬಿದಿಗೆಯ ಸಂಜೆ ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ಫೋನು ಮಾಡಿದೆ. "ಚುಕ್ಕಿ ಎಂತ ಮಾಡ್ತಾ ಇದೆ?" "ಉಂಡ್ಕಂಡು ಮಲ್ಗಿದೆ ಮಾರಾಯ, ನೀನು ಮೊಮ್ಮಗಳನ್ನ ನೋಡ್ಕ." ತದಿಗೆಯ ಸಂಜೆಯೂ ಅದೇ ಉತ್ತರ. ಚೌತಿಯ ಸಂಜೆ ಉತ್ತರ ಸ್ವಲ್ಪ ಉದ್ದವಾಯಿತು. ಸೌತೆಕಾಯಿ ಕಡುಬು ಎರಡು ತಿಂತಂತೆ, ಅವನ ಹೆಂಡತಿಯ ಕಾಲ ಬಳಿಯೇ ಮಲಗಿದೆಯಂತೆ, ನನ್ನ ಹೆಸರು ಹೇಳಿದರೆ ಕಿವಿ ನಿಮಿರಿಸುತ್ತದಂತೆ. ಮೂವತ್ತು ವರ್ಷ ಹೋಂವರ್ಕ್ ತಾರದ ಮಕ್ಕಳ ಮಾತು ಕೇಳಿದವನು ನಾನು. ನಿಜಕ್ಕೆ ಒಂದು ಸಾಲು ಸಾಕು, ಸುಳ್ಳಿಗೆ ವಿವರ ಜಾಸ್ತಿ ಬೇಕು. ಆದರೂ ಅವತ್ತು ನನಗೆ ಅನುಮಾನ ಬರಲಿಲ್ಲ. ಹೆಂಡತಿಗೆ ಆ ಕಡುಬಿನ ಕತೆಯನ್ನು ಹೇಳಿ ಇಬ್ಬರೂ ನಕ್ಕೆವು. ಪಂಚಮಿಯ ದಿನ ಫೋನೆತ್ತಿದ್ದು ಅವನ ಹೆಂಡತಿ. "ಅಣ್ಣಾ, ಇವ್ರು ನಿಮಗೆ ಹೇಳಿಲ್ವಾ?" ಎಂದರು.

ಮಲೆಗಳಲ್ಲಿ ಮದುಮಗಳು ಕಾದಂಬರಿಯಲ್ಲಿ ಹುಲಿಯ ಎಂಬ ನಾಯಿ ತುಂಬಿದ ತುಂಗೆಯ ಪಾಲಾಗುವಾಗ ಅದರ ಒಡೆಯ ನಾಯಿಗುತ್ತಿ ಅಲ್ಲೇ ಇದ್ದ. ಕಣ್ಣಾರೆ ಕಂಡ. ನಾನು ನನ್ನ ನಾಯಿ ಕಳೆದುಹೋದ ಸುದ್ದಿಗೆ ಮೂರು ದಿನ ತಡವಾಗಿ, ಕಡುಬಿನ ಕತೆಗೆ ನಕ್ಕ ಮೇಲೆ ತಲುಪಿದವನು. ಆ ನಗು ಈಗಲೂ ಕುಟುಕುತ್ತದೆ.

ಮುನಿಸು ಒಂದು ಸಲ ಬೇರು ಬಿಟ್ಟಿತೆಂದರೆ ಹಳೆಯ ಗೊಬ್ಬರವನ್ನು ತಾನೇ ಹುಡುಕಿಕೊಳ್ಳುತ್ತದೆ. ಕಾಲೇಜು ದಿನಗಳಲ್ಲಿ ಅವನು ಸಾಗರದ ಬಸ್ಸಿನಲ್ಲಿ ಬಿಟ್ಟುಬಂದ ನನ್ನ ಕೊಡೆ ನೆನಪಾಯಿತು. ಚೊಗರಿನ ಕಲೆ ಮಾಡಿ ವಾಪಸು ತಂದ ಕಾದಂಬರಿ ನೆನಪಾಯಿತು. ಬೋರ್ಡೋ ಹೊಡೆಯಲು ಒಯ್ದ ಪಂಪು ಎರಡು ಮಳೆಗಾಲ ಕಳೆದು ಬಂದದ್ದು ನೆನಪಾಯಿತು. ಇವನ ಕೈಗೆ ಕೊಟ್ಟದ್ದು ಯಾವತ್ತು ನೆಟ್ಟಗೆ ಬಂದಿದೆ ಎಂದು ರಾತ್ರಿ ಮಲಗಿ ಲೆಕ್ಕ ಹಾಕುತ್ತಿದ್ದೆ. ನನ್ನ ಅಪ್ಪ ತೀರಿಕೊಂಡಾಗ ಹದಿಮೂರು ದಿನ ಅವನೇ ಮನೆ ನಡೆಸಿದ್ದ. ಅದು ಲೆಕ್ಕಕ್ಕೆ ಬರಲೇ ಇಲ್ಲ.

ಶಿವಮೊಗ್ಗದ ಕೋರ್ಟಿನಲ್ಲಿ ವಕೀಲಿಕೆ ಮಾಡುವ ಹಳೆಯ ಶಿಷ್ಯನೊಬ್ಬನಿಗೆ ಇದನ್ನೆಲ್ಲ ಹೇಳಿದೆ. ಕೇಸು ಹಾಕಲು ಅಲ್ಲ, ಯಾರಾದರೂ ನನ್ನ ಕಡೆ ತೀರ್ಪು ಕೊಡಲಿ ಎಂದು. ಅವನು ಗಂಭೀರವಾಗಿಯೇ ಕೇಳಿದ. ಒಪ್ಪಿಸಿದ ವಸ್ತುವಿನ ವ್ಯಾಜ್ಯ ಬಹಳ ಹಳೆಯದು, ಮನುಸ್ಮೃತಿ ಎಣಿಸುವ 18 ವ್ಯಾಜ್ಯಗಳಲ್ಲಿ ಸಾಲದ ಬೆನ್ನಿಗೇ ಬರುವುದು ನಿಕ್ಷೇಪ ಎಂದ. 1872ರ ಕರಾರು ಕಾಯ್ದೆಯ 151ನೇ ಕಲಮಿನ ಪ್ರಕಾರ, ಇಟ್ಟುಕೊಂಡವನು ಸಾಧಾರಣ ವಿವೇಕವುಳ್ಳ ಮನುಷ್ಯ ತನ್ನದೇ ವಸ್ತುವಿಗೆ ವಹಿಸುವಷ್ಟು ಎಚ್ಚರ ವಹಿಸಿದ್ದರೆ ಸಾಕು ಎಂದ. ನಾನು ಖುಷಿಯಾಗಿ ನೆಟ್ಟಗೆ ಕೂತೆ. "ಅವರ ಮನೆ ನಾಯಿನ ಹೆಂಗೆ ಇಟ್ಟಿದ್ರು ಸಾರ್?" ಎಂದು ಕೇಳಿದ. ಗೆಳೆಯನ ಮನೆಯ ನಾಯಿಯನ್ನು ಹುಟ್ಟಿದಾಗಿನಿಂದ ಕಟ್ಟಿದ್ದೇ ಇಲ್ಲ. ಗೇಟು ತೆಗೆದಿರಲಿ ಮುಚ್ಚಿರಲಿ, ಬೇಕಾದಾಗ ಹೋಗಿ ಬೇಕಾದಾಗ ಬರುತ್ತದೆ. ಚುಕ್ಕಿಯನ್ನು ಮಾತ್ರ ಬೆಲ್ಟು ತಂದು ಕಟ್ಟಿದ್ದ. ಕಾಯ್ದೆ ಕೇಳಿದ್ದಕ್ಕಿಂತ ಒಂದು ಹಗ್ಗ ಹೆಚ್ಚೇ. ನಾನು ಕಾಫಿ ಮುಗಿಸಿ ಎದ್ದುಬಂದೆ.

ಕಾಯ್ದೆಗಿಂತ ಹಳೆಯದೊಂದು ತೀರ್ಪು ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಶಾಲಾ ಪ್ರವಾಸದಲ್ಲಿ ಮಕ್ಕಳಿಗೆ ತೋರಿಸಿದ್ದೆ: ಆತಕೂರಿನ ಕಲ್ಲು. ಮಂಡ್ಯ ಜಿಲ್ಲೆಯ ಆತಕೂರಿನದು, ಒಂದು ನಾಯಿಯೂ ಒಂದು ಹಂದಿಯೂ ಎದುರುಬದುರಾಗಿ ಕಾದಾಡುವ ಚಿತ್ರ ಅದರ ಮೇಲಿದೆ. 949ರಲ್ಲಿ ತಕ್ಕೋಲದ ಯುದ್ಧ ನಡೆದು, ರಾಷ್ಟ್ರಕೂಟ ಮೂರನೇ ಕೃಷ್ಣನ ಪರವಾಗಿ ಕಾದಿದ ಗಂಗರ ಬೂತುಗ ಚೋಳ ರಾಜಾದಿತ್ಯನನ್ನು ಕೊಂದ. ಆ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ, ಬೇಕಾದ್ದನ್ನು ಕೇಳು ಎಂದ ಬೂತುಗ. ಮಣಲೇರ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಕೊಂಡುಹೋಗಿ ಕಾಡುಹಂದಿಯ ಮೇಲೆ ಬಿಟ್ಟ. ನಾಯಿಯೂ ಹಂದಿಯೂ ಒಂದನ್ನೊಂದು ಕೊಂದು ಸತ್ತವು. ಮಣಲೇರ ಕಲ್ಲು ನಿಲ್ಲಿಸಿದ, ಅದರ ಪೂಜೆಗೆ ಭೂಮಿ ಬಿಟ್ಟ.

ಅವತ್ತು ಮಕ್ಕಳಿಗೆ ನಾಯಿಯ ಶೌರ್ಯದ ಪಾಠ ಮಾಡಿದ್ದೆ. ಈಗ ಆ ಕಲ್ಲು ನೆನಪಾದಾಗಲೆಲ್ಲ ಬೂತುಗನ ಕಡೆಯಿಂದ ನೋಡುತ್ತೇನೆ. ಅವನು ಕೊಟ್ಟ ನಾಯಿ ಮತ್ತೊಬ್ಬನ ಕೈಯಲ್ಲಿ ಸತ್ತಿತು. ಸುದ್ದಿ ಕೇಳಿ ಅವನಿಗೇನನ್ನಿಸಿತೋ, ಶಾಸನ ಬರೆದವನು ಅದರ ಗೊಡವೆಗೆ ಹೋಗಿಲ್ಲ. ಆದರೆ ಮಣಲೇರ ಆದದ್ದನ್ನು ಆದ ಹಾಗೆ ಬರೆಸಿದ, ಅದೂ ಕಲ್ಲಿನಲ್ಲಿ. ಉಂಡು ಮಲಗಿದೆ ಎಂದು ಹೇಳಿಕಳಿಸಲಿಲ್ಲ. ಈ ಹೋಲಿಕೆಯನ್ನು ನನ್ನ ಹೆಂಡತಿಯ ಮುಂದೆ ಬಹಳ ಹೆಮ್ಮೆಯಿಂದ ಇಟ್ಟೆ. ಹೋಳಿಗೆಗೆ ಕಣಕ ನಾದುತ್ತಿದ್ದವಳು ತಲೆ ಎತ್ತದೆ ಕೇಳಿದಳು: "ನೀವು ಆ ಹಾಳೇಲಿ ಪಟಾಕಿ ವಿಷಯ ಬರೆದಿದ್ರಾ?"

ಬರೆದಿರಲಿಲ್ಲ.

ಚುಕ್ಕಿಗೆ ಪಟಾಕಿ ಎಂದರೆ ಪ್ರಾಣಭಯ. ಪ್ರತಿ ದೀಪಾವಳಿ ಅದು ಬಚ್ಚಲಿನಲ್ಲಿ ಹಂಡೆಯ ಹಿಂದಿನ ಸಂದಿಗೆ ಸೇರಿಕೊಳ್ಳುತ್ತಿತ್ತು. ಹೆಂಡತಿ ಮಣೆ ಹಾಕಿಕೊಂಡು ಅಲ್ಲೇ ಕೂತು ರೇಡಿಯೋ ಜೋರಾಗಿ ಇಡುತ್ತಿದ್ದಳು. ನಮ್ಮ ಕಿವಿ 20,000 ಹರ್ಟ್ಸ್‌ಗೆ ನಿಂತರೆ ನಾಯಿಯದು 45,000ದ ಆಸುಪಾಸಿನ ತನಕ ಕೇಳುತ್ತದೆ, ನಮಗೆ ಕೇಳದ ಸದ್ದೂ ಅದಕ್ಕೆ ಬಡಿಯುತ್ತದೆ ಎಂದು ಪಶುವೈದ್ಯರು ಹೇಳಿದ್ದು ನನಗೆ ಚೆನ್ನಾಗಿ ನೆನಪಿತ್ತು. ಒಂದು ವರ್ಷ ಕಿಟಕಿಯ ಜಾಲರಿ ಹರಿದುಕೊಂಡು ಹಾರನಹಳ್ಳಿ ರಸ್ತೆಯ ತನಕ ಓಡಿತ್ತು. ಇದೆಲ್ಲ ಗೊತ್ತಿದ್ದೂ ಹನ್ನೆರಡನೆಯ ಸೂಚನೆಯನ್ನು ನಾನು ಬರೆಯಲಿಲ್ಲ. ಮರೆವಲ್ಲ. ಪೆನ್ನು ಹಾಳೆಯ ಮೇಲೇ ಇತ್ತು. ಅವನ ಮನೆಯಲ್ಲಿ ಮೊಮ್ಮಕ್ಕಳಿದ್ದಾರೆ, ಹಬ್ಬ ಜೋರು. ಇದನ್ನು ಹೇಳಿದರೆ "ಹಂಗಾದ್ರೆ ಕಷ್ಟ ಮಾರಾಯ" ಎಂದುಬಿಡುತ್ತಾನೆ, ರೈಲಿನ ಟಿಕೆಟ್ ಆಗಿಬಿಟ್ಟಿದೆ ಎಂದು ಪೆನ್ನು ಮುಚ್ಚಿ ಜೇಬಿಗೆ ಹಾಕಿದೆ. ಉಣುಗಿಗೆ ಎರಡು ಸಾಲು ಬರೆದವನು ಪಟಾಕಿಗೆ ಒಂದು ಶಬ್ದ ಬರೆಯಲಿಲ್ಲ.

ಅವನು ನನ್ನ ಹತ್ತಿರ ಮೂರು ದಿನ ಮುಚ್ಚಿಟ್ಟ. ನಾನು ಅವನ ಹತ್ತಿರ ಮುಚ್ಚಿಟ್ಟು ಎರಡು ವರ್ಷವಾಯಿತು. ಇದು ತಿಳಿದ ಮೇಲೆ ಮುನಿಸು ಇಳಿಯಿತೆಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಇಳಿಯಲಿಲ್ಲ, ಇನ್ನಷ್ಟು ಏರಿತು. ತಪ್ಪೆಲ್ಲ ಅವನದೇ ಆಗಿದ್ದರೆ ಯಾವತ್ತೋ ದೊಡ್ಡ ಮನಸ್ಸು ಮಾಡಿ ಕ್ಷಮಿಸಿಬಿಡುತ್ತಿದ್ದೆ.

ಆ ಮೂರು ರಾತ್ರಿ ಅವನು ಬ್ಯಾಟರಿ ಹಿಡಿದು ಕುಂಸಿ ಸ್ಟೇಷನ್ನಿನ ತನಕ ಹುಡುಕಿದ್ದನೆಂದು ಅವನ ಹೆಂಡತಿ ನನ್ನ ಹೆಂಡತಿಗೆ ಹೇಳಿದ್ದಾರೆ. ಕೊಯ್ಲಿನ ಆಳುಗಳನ್ನು ಬಿಟ್ಟು ಹೋಗಿದ್ದರಿಂದ ಒಂದು ಹಂಡೆ ಅಡಿಕೆ ಹದ ತಪ್ಪಿ ಹೋಯಿತಂತೆ. ಸಿಕ್ಕ ಮೇಲೆ ಹೇಳಿದರಾಯಿತು, ಮಗು ಹುಟ್ಟಿದ ಮನೆಗೆ ಕೆಟ್ಟ ಸುದ್ದಿ ಯಾಕೆ ಎಂದಿದ್ದನಂತೆ. ತಿಂಗಳ ಮೇಲೆ ರಟ್ಟಿನ ಪೆಟ್ಟಿಗೆಯಲ್ಲಿ ಒಂದು ಮರಿ ಹಾಕಿಕೊಂಡು ನಮ್ಮ ಮನೆಗೆ ಬಂದಿದ್ದ, ಜೊತೆಗೆ ಒಂದು ಬಾಳೆಗೊನೆ. ಗೊನೆ ಇಟ್ಟುಕೊಂಡು ಮರಿಯನ್ನು ವಾಪಸು ಕಳಿಸಿದೆ. ಅವನು ಏನೂ ಹೇಳದೆ ಹೋದ. ಆ ಮರಿ ಈಗ ಅವನ ಮನೆಯಲ್ಲೇ ಬೆಳೆದು ದೊಡ್ಡದಾಗಿದೆ, ಹಗ್ಗವಿಲ್ಲದೆ.

ಇಷ್ಟು ಬರೆದದ್ದು ಒಂದು ಕೋರಿಕೆಗಾಗಿ. ಆಯನೂರು, ಕುಂಸಿ, ಹಾರನಹಳ್ಳಿ, ಹೊಸನಗರ ರಸ್ತೆಯ ಕಡೆ ಓಡಾಡುವವರು ದಯವಿಟ್ಟು ಗಮನಿಸಿ. ಕರಿ ಹೆಣ್ಣು ನಾಯಿ, ಹಣೆಯಲ್ಲಿ ಎಂಟಾಣೆಯಷ್ಟಗಲ ಬಿಳಿ, ಕುತ್ತಿಗೆಗೆ ಬೆಲ್ಟಿಲ್ಲ, ಗೋಣಿಚೀಲ ಕಂಡರೆ ಮಲಗುತ್ತದೆ. ಯಾರಾದರೂ ಸಾಕಿಕೊಂಡಿದ್ದರೆ ವಾಪಸು ಕೇಳುವುದಿಲ್ಲ, ಇದೆ ಎಂದು ತಿಳಿಸಿದರೆ ಸಾಕು. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಬೆಳಗಿನ ಹೊತ್ತು ಎರಡು ಮೂಲೆಯಲ್ಲಿ ಇಬ್ಬರು ಕೂತಿರುತ್ತೇವೆ, ಯಾರಿಗೆ ಹೇಳಿದರೂ ಆಗುತ್ತದೆ. ಮತ್ತೆ, ಈ ಸಲ ಮೊದಲೇ ಹೇಳುತ್ತಿದ್ದೇನೆ: ಅದು ಪಟಾಕಿಗೆ ಹೆದರುತ್ತದೆ.